ಕೊನೆಯ ಹತ್ತು ಪಾಲು ಬೆಳಕು: ಹೆಸರಿಲ್ಲದ ಒಂದು ಡಿಮ್ಮರ್ ಪೆಟ್ಟಿಗೆಯ ವಿಮರ್ಶೆ

ಎಲ್‌ಇಡಿ ಡಿಮ್ಮರ್, ಅಂದರೆ ಬೆಳಕನ್ನು ಏರಿಸಿ ಇಳಿಸುವ ಪೆಟ್ಟಿಗೆ, ಕೊಳ್ಳಲು ಹೋದವರು ಎಷ್ಟು ಚಾನೆಲ್, ಎಷ್ಟು ಆಂಪಿಯರ್, ಎಷ್ಟು ಬೆಲೆ ಎಂದು ಕೇಳಿ ಮುಗಿಸುತ್ತಾರೆ. ನಾಟಕಕ್ಕೆ ಬೆಳಕು ಮಾಡುವವರು ಕೇಳಬೇಕಾದದ್ದು ಬೇರೆ. ಬೆಳಕು ನೂರರಿಂದ ಹತ್ತಕ್ಕೆ ಇಳಿಯುವುದನ್ನು ಯಾವ ಅಗ್ಗದ ಪೆಟ್ಟಿಗೆಯೂ ಒಪ್ಪುವಂತೆ ಮಾಡುತ್ತದೆ; ಹತ್ತರಿಂದ ಸೊನ್ನೆಗೆ ಅದು ಹೇಗೆ ಹೋಗುತ್ತದೆ? ಡಿಮ್ಮರಿನ ಯೋಗ್ಯತೆ ಇರುವುದು ಅಲ್ಲಿ. ನಾನು ಕೊಂಡಿರುವ ಈ ಪೆಟ್ಟಿಗೆ ಆ ಪರೀಕ್ಷೆಯಲ್ಲಿ ತಕ್ಕಮಟ್ಟಿಗೆ ಪಾಸಾಗಿದೆ. ಆದರೆ ಕಾರ್ಖಾನೆಯವರು ಕೂಡಿಸಿ ಕಳುಹಿಸಿದ ಹೊಂದಿಕೆಯಲ್ಲಿ ಅಲ್ಲ.

ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿಲ್ಲ. ಇದೇ ಅಲ್ಯೂಮಿನಿಯಂ ಕವಚ, ಇದೇ ಮೂರಂಕಿಯ ಕೆಂಪು ಪರದೆ, ಇದೇ ಮೂರು ಗುಂಡಿಗಳು ಬೇರೆ ಬೇರೆ ಚೀಟಿ ಅಂಟಿಸಿಕೊಂಡು ಬೇರೆ ಬೇರೆ ಬೆಲೆಗೆ ಸಿಗುತ್ತವೆ. ನಾಲ್ಕು ಚಾನೆಲ್, 12ರಿಂದ 24 ವೋಲ್ಟ್, ಒಂದೊಂದು ಚಾನೆಲ್‌ಗೆ 5 ಆಂಪಿಯರ್, ಒಳಗೆ ಬರುವುದು ಡಿಎಂಎಕ್ಸ್ ಎಂಬ ರಂಗದೀಪಗಳ ಆಜ್ಞಾ ಸಂಕೇತ, ಹೊರಗೆ ಹೋಗುವುದು ಎಲ್‌ಇಡಿ ಪಟ್ಟಿಗೆ ಬೇಕಾದ ವಿದ್ಯುತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 2,600 ರೂಪಾಯಿ ಕೊಟ್ಟೆ. ಪವರ್ ಸಪ್ಲೈ ಬೇರೆ.

ಅಂಗಡಿಯವರು ಮೊದಲು ಕೇಳಿದ್ದು, “ಯಾವ ಅಂಗಡಿ ಬೋರ್ಡಿಗೆ ಮೇಡಂ?” ಎಂದು. ನಾಟಕಕ್ಕೆ ಎಂದೆ. “ಹಾಗಾದರೆ ಯಾವುದನ್ನು ತೆಗೆದುಕೊಂಡರೂ ನಡೆಯುತ್ತದೆ, ಎಲ್ಲವೂ ಸ್ಮೂತ್ ಇರುತ್ತವೆ” ಎಂದರು. ಮಿಠಾಯಿ ಅಂಗಡಿಯ ಬೋರ್ಡಿಗೆ ನಡೆಯುವುದೆಲ್ಲ ನಾಟಕಕ್ಕೆ ನಡೆಯುವುದಿಲ್ಲ ಎಂದು ಅವರಿಗೆ ವಿವರಿಸುವಷ್ಟು ಹೊತ್ತು ನನಗಿರಲಿಲ್ಲ, ಹಿಂದೆ ಸರತಿಯಲ್ಲಿ ಜನ ನಿಂತಿದ್ದರು. ಆ ವಿವರಣೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದ ಒಂದು ಹವ್ಯಾಸಿ ತಂಡಕ್ಕೆ ಬೆಳಕು ಮಾಡುತ್ತೇನೆ. ಹಗಲಿನ ಕೆಲಸ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ. ನಮ್ಮ ತಂಡದಲ್ಲಿ ಸಾವಿರ ವ್ಯಾಟಿನ ಹ್ಯಾಲೊಜೆನ್ ದೀಪಗಳು ಈಗಲೂ ಇವೆ. ಕುವೆಂಪು ರಂಗಮಂದಿರದಂಥ ಕಡೆ ಅವು ಉರಿಯುತ್ತವೆ, ಹಳ್ಳಿಯ ಶಾಲೆಯ ಜಗಲಿಯಲ್ಲಿ ಒಂದೇ ಫೇಸ್ ಕರೆಂಟು ಇರುವಾಗ ಉರಿಯುವುದಿಲ್ಲ. ಹೀಗಾಗಿ ಒಂದೊಂದಾಗಿ ಎಲ್‌ಇಡಿಗೆ ಸರಿಯುತ್ತಿದ್ದೇವೆ. ಈಗಿನ ನಾಟಕದಲ್ಲಿ ರಂಗದ ಹಿಂಬದಿಗೆ ಒಂದು ದೊಡ್ಡ ಕಿಟಕಿ. ಕಿಟಕಿಯ ಚೌಕಟ್ಟಿನ ಒಳಗೆ ಬಿಳಿ ಮತ್ತು ಹಳದಿ ಪಟ್ಟಿಗಳನ್ನು ಅಡಗಿಸಿದ್ದೇವೆ. ನಿರ್ದೇಶಕರಿಗೆ ಅದರಲ್ಲಿ ಮುಸ್ಸಂಜೆ ಬೇಕು, ಅದೂ ಸಂಭಾಷಣೆಯ ನಡುವೆ, ಯಾರಿಗೂ ಗೊತ್ತಾಗದ ಹಾಗೆ. ನೋಡುವವರು ಕಿಟಕಿ ಕಪ್ಪಾಗಿದೆ ಎಂದು ಗಮನಿಸಬೇಕೇ ಹೊರತು ಕಪ್ಪಾಗುತ್ತಿದೆ ಎಂದು ಗಮನಿಸಬಾರದು.

ಹ್ಯಾಲೊಜೆನ್‌ನಲ್ಲಿ ಇದು ತಾನಾಗಿಯೇ ಅರ್ಧ ಆಗುತ್ತಿತ್ತು. ತಂತಿ ಕಾದು ಬೆಳಗುವ ದೀಪದಲ್ಲಿ ವೋಲ್ಟೇಜಿಗೂ ಬೆಳಕಿಗೂ ನೇರ ಸಂಬಂಧ ಇಲ್ಲ. ವೋಲ್ಟೇಜನ್ನು ಅರ್ಧಕ್ಕೆ ಇಳಿಸಿದರೆ ಬೆಳಕು ಅರ್ಧಕ್ಕಲ್ಲ, ಸುಮಾರು ಹತ್ತರಲ್ಲೊಂದಕ್ಕೆ ಇಳಿಯುತ್ತದೆ. ದಪ್ಪ ತಂತಿ ತಣಿಯಲು ತನ್ನದೇ ಹೊತ್ತು ತೆಗೆದುಕೊಳ್ಳುತ್ತದೆ, ಹಾಗಾಗಿ ಡಿಮ್ಮರ್ ಹಾರಿದರೂ ದೀಪ ಹಾರುವುದಿಲ್ಲ. ಇಳಿಯುತ್ತ ಇಳಿಯುತ್ತ ಬೆಳಕು ಕೆಂಪಿಗೆ ತಿರುಗುತ್ತದೆ, ಸಂಜೆಗೆ ಅದೂ ಅನುಕೂಲವೇ. ಇದರ ಮೇಲೆ ನಮ್ಮ ಹಳೆಯ ಬೆಳಕಿನ ಮೇಷ್ಟ್ರ ಕೈ. ಅವರು ಸ್ಲೈಡರನ್ನು ಒಂದೇ ವೇಗದಲ್ಲಿ ಎಂದೂ ಎಳೆದವರಲ್ಲ. ಮೇಲಿನ ಅರ್ಧವನ್ನು ಸರಕ್ಕನೆ ದಾಟಿ, ಕೆಳಗಿನ ಕಾಲುಭಾಗಕ್ಕೆ ಬಂದ ಮೇಲೆ ಉಸಿರು ಬಿಗಿಹಿಡಿದು ಕೂದಲೆಳೆಯಷ್ಟೇ ಸರಿಸುತ್ತಿದ್ದರು. ಏಕೆ ಎಂದು ಕೇಳಿದರೆ “ಕಣ್ಣು ಅಲ್ಲೇ ಕೂತಿರುತ್ತದಮ್ಮ” ಎನ್ನುತ್ತಿದ್ದರು. ಬೆಳಕು ಇಳಿಯುವ ಗೆರೆ ಎಷ್ಟು ಬಾಗಬೇಕು ಎಂದು ಹೇಳುವ ಗಾಮಾ ಎಂಬ ಸಂಖ್ಯೆಯನ್ನು ಅವರು ಕೇಳಿದವರಲ್ಲ, ಅದು ಅವರ ಮಣಿಕಟ್ಟಿನಲ್ಲಿತ್ತು.

ಎಲ್‌ಇಡಿಗೆ ಈ ಯಾವ ದಾಕ್ಷಿಣ್ಯವೂ ಇಲ್ಲ. ಅದನ್ನು ಮಂದ ಮಾಡುವುದೆಂದರೆ ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಬಾರಿ ಹಚ್ಚಿ ಆರಿಸುವುದು; ಹಚ್ಚಿದ ಹೊತ್ತು ಅರ್ಧವಾದರೆ ಬೆಳಕೂ ಸರಿಯಾಗಿ ಅರ್ಧ. ಇದಕ್ಕೆ ಪಿಡಬ್ಲ್ಯುಎಂ ಎನ್ನುತ್ತಾರೆ. ಯಂತ್ರಕ್ಕೆ ಇದು ನೇರ ಗೆರೆ. ಕಣ್ಣಿಗೆ ಅಲ್ಲ. ಕಣ್ಣು ವ್ಯತ್ಯಾಸವನ್ನು ಕೂಡಿ ಕಳೆದು ಅಳೆಯುವುದಿಲ್ಲ, ಅನುಪಾತದಲ್ಲಿ ಅಳೆಯುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ವೇಬರ್ ಮತ್ತು ಫೆಕ್ನರ್ ಇದನ್ನು ನಿಯಮವಾಗಿ ಬರೆದರು, 20ನೇ ಶತಮಾನದ ನಡುವೆ ಅಮೆರಿಕದ ಸ್ಟೀವನ್ಸ್ ಅದನ್ನು ತಿದ್ದಿ ಘಾತದ ಸೂತ್ರವನ್ನಾಗಿ ಮಾಡಿದರು, 1976ರಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗ ಸಿಐಇ ಸೊನ್ನೆಯಿಂದ ನೂರರವರೆಗಿನ ಒಂದು ಅಳತೆಪಟ್ಟಿಯನ್ನೇ ಕೊಟ್ಟಿತು. ಆ ಅಳತೆಯಲ್ಲಿ ಕಣ್ಣಿಗೆ ‘ಅರ್ಧ’ ಅನ್ನಿಸಲು ಬೇಕಾದ ಬೆಳಕು ಶೇ 18.4 ಮಾತ್ರ. ಕಾಲುಭಾಗ ಅನ್ನಿಸಲು ಶೇ 4.4. ಹತ್ತನೆಯ ಒಂದು ಭಾಗ ಅನ್ನಿಸಲು ಶೇ 1.13.

ಈಗ ಹತ್ತು ಸೆಕೆಂಡಿನ ಒಂದು ಫೇಡ್, ಅಂದರೆ ಬೆಳಕು ಮೆಲ್ಲಗೆ ಇಳಿಯುವುದನ್ನು, ತೆಗೆದುಕೊಳ್ಳಿ. ಯಂತ್ರ ನೇರ ಗೆರೆಯಲ್ಲಿ ಇಳಿಸುತ್ತಿದೆ ಎನ್ನೋಣ. ಐದನೆಯ ಸೆಕೆಂಡಿನಲ್ಲಿ ಬೆಳಕು ಅರ್ಧ, ಆದರೆ ಕಣ್ಣಿನ ಅಳತೆಯಲ್ಲಿ ಅದು ಇನ್ನೂ 76. ಒಂಬತ್ತನೆಯ ಸೆಕೆಂಡಿನಲ್ಲಿ ಬೆಳಕು ಶೇ 10, ಕಣ್ಣಿಗೆ ಅದು 38. ಅಂದರೆ ಒಂಬತ್ತು ಸೆಕೆಂಡಿನಲ್ಲಿ 62 ಪಾಲು ಇಳಿದ ಬೆಳಕು ಉಳಿದ 38 ಪಾಲನ್ನು ಕೊನೆಯ ಒಂದೇ ಸೆಕೆಂಡಿನಲ್ಲಿ ಕಳೆದುಕೊಳ್ಳುತ್ತದೆ. ರಂಗದ ಮೇಲೆ ನಟ ಇನ್ನೂ ತಲೆ ತಗ್ಗಿಸುತ್ತಿರುತ್ತಾನೆ, ಬೆಳಕು ಬಾಗಿಲು ಹಾಕಿಕೊಂಡು ಹೋಗಿಬಿಟ್ಟಿರುತ್ತದೆ. ಈಚೆಗೆ ಹವ್ಯಾಸಿ ತಂಡಗಳ ಎಲ್‌ಇಡಿ ಪ್ರಯೋಗಗಳಲ್ಲಿ ದೃಶ್ಯದ ಕೊನೆಗಳು ಏಕೆ ಒರಟಾಗಿ ಕಾಣುತ್ತವೆ ಎಂದು ಕೇಳುವವರಿಗೆ ನನ್ನ ಉತ್ತರ ಈ ಸಂಖ್ಯೆಗಳೇ. ಅದರ ಮೇಲೆ ಸಿಐಇ ಲೆಕ್ಕ ಬೆಳಕಿರುವ ಕೋಣೆಯಲ್ಲಿ ಬಣ್ಣದ ಕಾಗದ ನೋಡುವ ಕಣ್ಣಿಗೆ ಮಾಡಿದ್ದು. ಕತ್ತಲ ಸಭಾಂಗಣದಲ್ಲಿ ಪಳಗಿ ಕೂತ ಕಣ್ಣು ಕೆಳತುದಿಯಲ್ಲಿ ಇನ್ನೂ ಚುರುಕು.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಆರಿಸಲು ಕಾರಣ ಅದರ ಪಟ್ಟಿಯಲ್ಲಿರುವ ಮೂರು ಹೊಂದಿಕೆಗಳು: ಗಾಮಾ (ಗೆರೆಯ ಬಾಗು), ಬಿಟ್ (ಹಂತಗಳ ಎಣಿಕೆ), ಆವರ್ತನ (ಸೆಕೆಂಡಿಗೆ ಎಷ್ಟು ಬಾರಿ ಹಚ್ಚಿ ಆರಿಸುವುದು). ಅಂಗಡಿಗಳಲ್ಲಿ ಸಿಗುವ ಬಹುಪಾಲು ಅಗ್ಗದ ಪೆಟ್ಟಿಗೆಗಳಲ್ಲಿ ವಿಳಾಸ (ಯಾವ ಡಿಎಂಎಕ್ಸ್ ಚಾನೆಲ್ಲಿನಿಂದ ಕೇಳಬೇಕೆಂಬ ಸಂಖ್ಯೆ) ಒಂದನ್ನು ಬಿಟ್ಟು ಇನ್ನೇನನ್ನೂ ಮುಟ್ಟಲು ಬಿಡುವುದಿಲ್ಲ.

ಗಾಮಾ ಸುಲಭ. ಬೆಳಕನ್ನು ನಿಯಂತ್ರಿಸುವ ಕನ್ಸೋಲ್ ಕಳುಹಿಸಿದ ಸಂಖ್ಯೆಯನ್ನು ಸೊನ್ನೆಯಿಂದ ಒಂದರ ನಡುವೆ ಇಟ್ಟುಕೊಂಡು ಆ ಘಾತಕ್ಕೆ ಏರಿಸಿ ದೀಪಕ್ಕೆ ಕೊಡುತ್ತದೆ. ಗಾಮಾ 1 ಎಂದರೆ ನೇರ ಗೆರೆ. 2 ಎಂದರೆ ರಂಗದ ಕನ್ಸೋಲುಗಳಲ್ಲಿ ‘ಸ್ಕ್ವೇರ್’ ಎಂದು ಬರೆದಿರುವ ವಕ್ರರೇಖೆ. ಕಂಪ್ಯೂಟರ್ ಪರದೆಗಳು ಬಳಸುವುದು ಸುಮಾರು 2.2. ನನ್ನ ಪೆಟ್ಟಿಗೆ ಬಂದದ್ದು 1.5ರಲ್ಲಿ, ಅದು ಅತ್ತಲೂ ಅಲ್ಲ ಇತ್ತಲೂ ಅಲ್ಲ.

ಪರೀಕ್ಷೆ ಮಾಡಲು ಉಪಕರಣ ಬೇಕಿಲ್ಲ. ಪಟ್ಟಿಯನ್ನು ಬಿಳಿ ಗೋಡೆಯತ್ತ ತಿರುಗಿಸಿ, ಕೋಣೆ ಕತ್ತಲು ಮಾಡಿ, 30 ಸೆಕೆಂಡಿನ ಫೇಡ್ ಹಾಕಿ, ಡಿಮ್ಮರಿನ ಗಂಧ ಗಾಳಿ ಇಲ್ಲದವರನ್ನು ಕೂರಿಸಿ, “ಅರ್ಧ ಆಯಿತು ಅನ್ನಿಸಿದಾಗ ಕೂಗಿ” ಎನ್ನಬೇಕು. ನಮ್ಮ ನಟರನ್ನೇ ಕೂರಿಸಿದೆ. ಗಾಮಾ 1ರಲ್ಲಿ ಕೂಗು ಬರುತ್ತಿದ್ದದ್ದು 24ನೇ ಸೆಕೆಂಡಿನ ಆಸುಪಾಸು. ಲೆಕ್ಕ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. 2.2ಕ್ಕೆ ಏರಿಸಿದ ಮೇಲೆ ಕೂಗು 15, 16ಕ್ಕೆ ಬಂತು. ನಟರಲ್ಲೊಬ್ಬರು ಎಲ್ಲರಿಗಿಂತ ಮೊದಲೇ ಕೂಗುತ್ತಿದ್ದರು, ಮಾತುಗಳನ್ನೂ ಅವರು ಹಾಗೇ ಹೇಳುವುದು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸ್ಟೀವನ್ಸ್ ಅವರ ಅಳತೆಗಳ ಪ್ರಕಾರ ಕತ್ತಲಲ್ಲಿ ಚುಕ್ಕಿಯಷ್ಟು ಬೆಳಕಿಗೆ ಘಾತ 0.5, ಒಂದಿಷ್ಟು ಅಗಲವಿರುವ ಬೆಳಕಿಗೆ 0.33. ತಿರುಗಿಸಿ ಹೇಳಿದರೆ ಗಾಮಾ 2 ಮತ್ತು 3. ನನ್ನ ಕಿಟಕಿ ಚುಕ್ಕಿಯಲ್ಲ. ಸಭಾಂಗಣದಲ್ಲಿ ಹಿಂದಿನ ಸಾಲಿನಿಂದ ನೋಡಿ ಕೊನೆಗೆ 2.5ರಲ್ಲಿ ನಿಲ್ಲಿಸಿದೆ.

ಇಲ್ಲಿಯವರೆಗಿನದನ್ನು ಯಾರಾದರೂ ಹೇಳುತ್ತಾರೆ. “ಗಾಮಾ 2.2 ಹಾಕಿ, ಮುಗಿಯಿತು” ಎನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಮುಗಿಯುವುದಿಲ್ಲ. ವಕ್ರರೇಖೆ ಹಾಕಿದ ಕೂಡಲೇ ಫೇಡಿನ ದೊಡ್ಡ ಭಾಗವೆಲ್ಲ ಕೆಳಗಿನ ಇಕ್ಕಟ್ಟಿನಲ್ಲಿ ಬಂದು ಕೂರುತ್ತದೆ, ಆ ಇಕ್ಕಟ್ಟಿನಲ್ಲಿ ಮೆಟ್ಟಿಲುಗಳು ಸಾಕಷ್ಟು ಇಲ್ಲದಿದ್ದರೆ ಮೊದಲಿದ್ದ ಒಂದು ದೊಡ್ಡ ಕುಸಿತದ ಬದಲು ಹತ್ತಾರು ಚಿಕ್ಕ ಕುಸಿತಗಳು ಕಾಣತೊಡಗುತ್ತವೆ. ನಟರು ಇದಕ್ಕೆ “ಬಿಕ್ಕುತ್ತಿದೆ” ಎಂದರು. ಸರಿಯಾದ ಮಾತು.

8 ಬಿಟ್ ಎಂದರೆ ಸೊನ್ನೆಯಿಂದ 255. ದೀಪಕ್ಕೆ ಹೋಗುವ ಸಂಖ್ಯೆ 8 ಬಿಟ್ ಆಗಿದ್ದರೆ, ಆರಿದ ಸ್ಥಿತಿಯಿಂದ ಮೊದಲ ಮೆಟ್ಟಿಲು ಶೇ 0.39 ಬೆಳಕು. ಕಡಿಮೆ ಎನ್ನಿಸುತ್ತದೆಯೇ? ಕಣ್ಣಿನ ಅಳತೆಯಲ್ಲಿ ಅದು 3.5. ಎರಡನೆಯದು 7, ಮೂರನೆಯದು 10.4, ನಾಲ್ಕನೆಯದು 13. ಕಣ್ಣು ಕಾಣುವ ಹರವಿನ ಎಂಟನೆಯ ಒಂದು ಭಾಗವನ್ನು ನಾಲ್ಕೇ ನೆಗೆತದಲ್ಲಿ ದಾಟಿಯಾಯಿತು. ಒಂದರಿಂದ ಎರಡಕ್ಕೆ ಹೋಗುವಾಗ ಬೆಳಕು ದುಪ್ಪಟ್ಟಾಗುತ್ತದೆ. 254ರಿಂದ 255ಕ್ಕೆ ಹೋಗುವಾಗ ದೇವರಿಗೂ ತಿಳಿಯುವುದಿಲ್ಲ. ಮೇಲೆ ದುಂದು, ಕೆಳಗೆ ಬರಗಾಲ. ಅದೇ 12 ಬಿಟ್ ಆದರೆ ಮೊದಲ ಮೆಟ್ಟಿಲು ಕಣ್ಣಿನ ಅಳತೆಯಲ್ಲಿ 0.22. ಹಾಗಾಗಿ ದೀಪಕ್ಕೆ ಹೋಗುವ ಕಡೆ 12 ಬಿಟ್ ಇಲ್ಲದ ಡಿಮ್ಮರನ್ನು ರಂಗಕ್ಕೆ ಕೊಳ್ಳಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇದು ಹೊರಹೋಗುವ ಕಡೆಯ ಮಾತು. ಒಳಬರುವ ಕಡೆಯೂ ಒಂದು ಆಳ ಇದೆ, ಜನ ಇವೆರಡನ್ನೂ ಬೆರೆಸಿಬಿಡುತ್ತಾರೆ. ಡಿಎಂಎಕ್ಸ್ 512 ಎಂಬ ಒಪ್ಪಂದ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ 1986ರಲ್ಲಿ ರೂಪಿಸಿದ್ದು. ಒಂದು ಕೇಬಲ್ಲಿನಲ್ಲಿ 512 ಚಾನೆಲ್, ಒಂದೊಂದಕ್ಕೂ 8 ಬಿಟ್. ಅಂದಿನ ತಂತಿಯ ದೀಪಗಳಿಗೆ 256 ಹಂತ ಧಾರಾಳವಾಗಿತ್ತು, ಉಳಿದದ್ದನ್ನು ತಂತಿಯ ಬಿಸಿಯೇ ನುಣುಪು ಮಾಡುತ್ತಿತ್ತು. ಎಲ್‌ಇಡಿಗೆ? ಹತ್ತು ಸೆಕೆಂಡಿನ ಫೇಡ್ ಆದರೆ ಸೆಕೆಂಡಿಗೆ 25 ಹಂತ ಬೀಳುತ್ತವೆ, ಸಾಕು. ನನ್ನ ಮುಸ್ಸಂಜೆ ಎರಡು ನಿಮಿಷದ್ದು. ಸೆಕೆಂಡಿಗೆ ಎರಡೇ ಹಂತ. ಗಾಮಾ 2.2 ಇರುವಾಗ 51ರಿಂದ 50ಕ್ಕೆ ಇಳಿದರೆ ಬೆಳಕು ಶೇ 4ಕ್ಕೂ ಹೆಚ್ಚು ಕುಸಿಯುತ್ತದೆ. ಶೇ 1 ಅಥವಾ 2ರ ವ್ಯತ್ಯಾಸವನ್ನೇ ಹಿಡಿಯುವ ಕಣ್ಣಿಗೆ ಇದು ಕಾಣದೆ ಇರುತ್ತದೆಯೇ? 11ರಿಂದ 10ಕ್ಕೆ ಇಳಿದಾಗ ಸುಮಾರು ಐದನೆಯ ಒಂದು ಭಾಗ ಬೆಳಕೇ ಹೋಗುತ್ತದೆ. ಪೆಟ್ಟಿಗೆಯ ಒಳಗೆ ಎಷ್ಟು ಬಿಟ್ ಇದ್ದರೂ ಕೇಳಿದ್ದನ್ನಷ್ಟೇ ಅದು ಹೇಳಬಲ್ಲದು.

ಇದಕ್ಕೆ ಪರಿಹಾರ 16 ಬಿಟ್ ಹೊಂದಿಕೆ. ಅದರಲ್ಲಿ ಒಂದು ದೀಪಕ್ಕೆ ಎರಡು ಡಿಎಂಎಕ್ಸ್ ಚಾನೆಲ್: ಮೊದಲನೆಯದು ದಪ್ಪ ಅಳತೆ, ಎರಡನೆಯದು ಸಣ್ಣ ಅಳತೆ. ಒಟ್ಟು 65,536 ಹಂತ. ನಾಲ್ಕು ದೀಪಕ್ಕೆ ಎಂಟು ಚಾನೆಲ್ ಖರ್ಚಾಗುತ್ತವೆ, ಆದರೆ ನಮ್ಮಂಥ ತಂಡಕ್ಕೆ 512ರಲ್ಲಿ ಐವತ್ತು ತುಂಬಿಸುವುದೇ ಕಷ್ಟ, ಉಳಿಸಿ ಏನು ಮಾಡಬೇಕು? ನಮ್ಮ ಕನ್ಸೋಲ್ ಲ್ಯಾಪ್‌ಟಾಪಿನಲ್ಲಿ ಓಡುವ ತಂತ್ರಾಂಶ. ಅದರಲ್ಲಿ ಈ ದೀಪ 16 ಬಿಟ್ಟಿನದು ಎಂದು ಒಮ್ಮೆ ಹೇಳಿಕೊಟ್ಟರೆ ಉಳಿದದ್ದು ಅದರ ಪಾಡು. ಹೊಂದಿಕೆ ಬದಲಿಸಿದ ಕೂಡಲೇ ಬಿಕ್ಕುವಿಕೆ ನಿಂತಿತು. ಬಹುಪಾಲು.

ಆ ‘ಬಹುಪಾಲು’ ನನ್ನನ್ನು ಪ್ರಯೋಗಾಲಯಕ್ಕೆ ಕರೆದೊಯ್ದಿತು. ಪೆಟ್ಟಿಗೆಯ ಮೂರನೆಯ ಹೊಂದಿಕೆ ಆವರ್ತನ, 500 ಹರ್ಟ್ಸ್‌ನಿಂದ 30 ಕಿಲೋಹರ್ಟ್ಸ್‌ವರೆಗೆ. ಹೆಚ್ಚಿದ್ದರೆ ಒಳ್ಳೆಯದು ಎಂದು ಎಲ್ಲರೂ ಮೇಲಕ್ಕೆ ಒತ್ತುತ್ತಾರೆ, ಏಕೆಂದರೆ ಕಡಿಮೆ ಆವರ್ತನದಲ್ಲಿ ಮೊಬೈಲ್ ವಿಡಿಯೋದಲ್ಲಿ ಪಟ್ಟೆಗಳು ಬರುತ್ತವೆ. ನಿಜ, 500ರಲ್ಲಿ ಬರುತ್ತವೆ, ಜೊತೆಗೆ ಪವರ್ ಸಪ್ಲೈ ಸೊಳ್ಳೆಯಂತೆ ಗುಂಯ್‌ಗುಟ್ಟುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 30 ಕಿಲೋಹರ್ಟ್ಸ್ ಎಂದರೆ ಒಂದು ಸುತ್ತು 33 ಮೈಕ್ರೋಸೆಕೆಂಡ್. ಅದನ್ನು 4,096 ಪಾಲು ಮಾಡಿದರೆ ಒಂದು ಪಾಲು 8 ನ್ಯಾನೋಸೆಕೆಂಡ್. ಅಷ್ಟು ಹೊತ್ತಿನಲ್ಲಿ ಈ ಪೆಟ್ಟಿಗೆಯ ಸ್ವಿಚ್ಚಾದ ಮಾಸ್‌ಫೆಟ್ ಹಚ್ಚಿಕೊಂಡು ಆರಲು ಸಾಧ್ಯವೇ? ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿಗೆ ಹಚ್ಚಿ ನೋಡಿದೆ. ಸುಮಾರು 100 ನ್ಯಾನೋಸೆಕೆಂಡಿಗಿಂತ ಚಿಕ್ಕ ಸ್ಪಂದನ ಚೌಕವಾಗಿ ನಿಲ್ಲುವುದೇ ಇಲ್ಲ, ಸಣ್ಣ ಗುಡ್ಡೆಯಾಗಿ ಎದ್ದು ಬಿದ್ದುಹೋಗುತ್ತದೆ, ದೀಪದಲ್ಲಿ ಬೆಳಕಾಗುವುದಿಲ್ಲ. ಅಂದರೆ 30 ಕಿಲೋಹರ್ಟ್ಸ್‌ನಲ್ಲಿ ಶೇ 0.3ಕ್ಕಿಂತ ಕೆಳಗಿನ ಬೆಳಕೇ ಇಲ್ಲ. ಗಾಮಾ 2.2 ಹಾಕಿದ್ದರೆ ಸ್ಲೈಡರ್ ನೂರರಲ್ಲಿ 7 ದಾಟುವವರೆಗೂ ಕತ್ತಲು, ದಾಟಿದ ಮೇಲೆ ಥಟ್ಟನೆ ಬೆಳಕು. ಪೆಟ್ಟಿಗೆಯ ಮೇಲೆ 16 ಬಿಟ್ ಎಂದು ಬರೆದಿದೆ. 30 ಕಿಲೋಹರ್ಟ್ಸ್‌ನಲ್ಲಿ ಅದು 8 ಬಿಟ್ಟಿನ ಅಗ್ಗದ ಪೆಟ್ಟಿಗೆಯೇ.

2 ಕಿಲೋಹರ್ಟ್ಸ್‌ಗೆ ಇಳಿಸಿದೆ. ಈಗ ಒಂದು ಸುತ್ತು 500 ಮೈಕ್ರೋಸೆಕೆಂಡ್, ಅದೇ 100 ನ್ಯಾನೋಸೆಕೆಂಡ್ ಈಗ ಶೇ 0.02. ಅದೇ ಗಾಮಾ 2.2 ಇದ್ದರೆ ಸ್ಲೈಡರಿನಲ್ಲಿ ಅದು ಸುಮಾರು ಎರಡಕ್ಕೆ ಬೀಳುತ್ತದೆ. ಹಿಂದಿನ ಸಾಲಿನಿಂದ ನೋಡಿದರೆ ಬೆಳಕು ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಮೊಬೈಲಿನಲ್ಲಿ ಚಿತ್ರಿಸುವವರಿಗೆ ಅಪರೂಪಕ್ಕೆ ಸಣ್ಣ ಪಟ್ಟೆ ಕಂಡೀತು, ಅವರು ನಾಟಕ ನೋಡಲು ಬಂದವರು, ಫೋನು ಕೆಳಗಿಡಲಿ.

ಡಿಮ್ಮರ್ ಮಾರುವವರು ಆವರ್ತನವನ್ನೂ ಬಿಟ್ಟುಗಳನ್ನೂ ಬೇರೆ ಬೇರೆ ಸಾಲಿನಲ್ಲಿ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಎರಡೂ ಒಂದೇ ಜೇಬಿನ ದುಡ್ಡು ಎಂದು ಮಾತ್ರ ಬರೆಯುವುದಿಲ್ಲ. ಇದು ಈ ಪೆಟ್ಟಿಗೆಯೊಂದರ ಕಥೆಯಲ್ಲ. ಮನೆಯಲ್ಲೇ ಮಾಡಿಕೊಳ್ಳುವವರು ಬಳಸುವ ಇಎಸ್‌ಪಿ32 ಚಿಪ್ಪಿನಲ್ಲಿ ಗಡಿಯಾರ 80 ಮೆಗಾಹರ್ಟ್ಸ್. 16 ಬಿಟ್ ಬೇಕೆಂದರೆ ಆವರ್ತನ 1,220 ಹರ್ಟ್ಸ್ ದಾಟುವುದಿಲ್ಲ, 12 ಬಿಟ್ ಸಾಕೆಂದರೆ 19,500ರವರೆಗೆ ಹೋಗಬಹುದು. ಅಂಥದ್ದೇ ಆರ್ಡುಯಿನೋ ಊನೋ ಬೋರ್ಡಿನಲ್ಲಿ ಸಾಮಾನ್ಯ ಆಜ್ಞೆ ಕೊಡುವುದು 8 ಬಿಟ್, 490 ಹರ್ಟ್ಸ್, ರಂಗದ ಫೇಡಿಗೆ ಅದು ಸಾಲದು. ಆಸಕ್ತಿ ಇರುವವರು ಅದರ 9 ಮತ್ತು 10ನೇ ಪಿನ್ನುಗಳ ಹಿಂದಿರುವ 16 ಬಿಟ್ ಟೈಮರನ್ನು ನೇರವಾಗಿ ಮುಟ್ಟಬಹುದು, ಪೂರ್ತಿ 16 ಬಿಟ್‌ಗೆ ಹೋದರೆ ಆವರ್ತನ 244ಕ್ಕೆ ಬೀಳುತ್ತದೆ.

ಇಎಸ್‌ಪಿ32 ಒಂದನ್ನು ನಾನೂ ಕಟ್ಟಿದ್ದೇನೆ, ಹೋಲಿಸಿ ನೋಡಲು. 12 ಬಿಟ್, ಸಿಐಇ ಸೂತ್ರದಿಂದ ಮಾಡಿದ ಕೋಷ್ಟಕ, ಒಳ್ಳೆಯ ಮಾಸ್‌ಫೆಟ್. ಫೇಡ್ ಈ ಪೆಟ್ಟಿಗೆಯಷ್ಟೇ ಚೆನ್ನ, ಬೆಲೆ ಐದನೆಯ ಒಂದು ಭಾಗ. ಹಾಗಿದ್ದೂ ಪ್ರದರ್ಶನಕ್ಕೆ ಪೆಟ್ಟಿಗೆಯನ್ನೇ ಒಯ್ಯುತ್ತೇನೆ. ಲಾರಿಯಲ್ಲಿ ಕುಲುಕಿ, ಸ್ಕ್ರೂಡ್ರೈವರ್ ಹಿಡಿಯಲು ಬಾರದ ಹುಡುಗರ ಕೈಗೆ ಸಿಕ್ಕಿ, ರಾತ್ರಿ ಎಂಟಕ್ಕೆ ಪರದೆ ಏಳುವಾಗ ಕೆಲಸ ಮಾಡಬೇಕಾದದ್ದು ತಂತಿ ಸಿಕ್ಕಿಸಿ ಕೂಡಿಸಿದ ಬ್ರೆಡ್‌ಬೋರ್ಡ್ ಅಲ್ಲ.

ವಿಳಾಸವಿರುವ ಪಟ್ಟಿಗಳನ್ನು, ಅಂದರೆ ಒಂದೊಂದು ದೀಪವೂ ಬೇರೆ ಬಣ್ಣ ತಾಳುವ ಡಬ್ಲ್ಯುಎಸ್2812ಬಿ ಜಾತಿಯವನ್ನು, ಕಿಟಕಿಗೆ ಹಾಕಿದರೆ ಹೇಗೆ ಎಂದು ತಂಡದಲ್ಲಿ ಕೇಳಿದರು. ಮೆರವಣಿಗೆಗೆ ಅವು ಚೆನ್ನ. ಒಂದೊಂದು ಬಣ್ಣಕ್ಕೂ 8 ಬಿಟ್ ಎಂಬುದು ಚಿಪ್ಪಿನಲ್ಲೇ ಕೆತ್ತಿರುವುದರಿಂದ ಹೊರಗಿನಿಂದ ಯಾವ ಗಾಮಾ ಹಾಕಿದರೂ ಕೆಳತುದಿ ಸರಿಹೋಗುವುದಿಲ್ಲ. ಗಾಮಾ 2.8ರ ಕೋಷ್ಟಕ ಬಳಸಿದರೆ 0ಯಿಂದ 27ರವರೆಗಿನ 28 ಹಂತಗಳೂ ಸೊನ್ನೆಗೇ ಹೋಗಿ ಬೀಳುತ್ತವೆ. ಬಣ್ಣ ಬೆರೆಸಿದಾಗ ಇನ್ನೊಂದು ಗೋಳು. ಸಂಜೆಯ ಹಳದಿಗೆ ಕೆಂಪು ಹೆಚ್ಚು, ಹಸಿರು ಮಧ್ಯಮ, ನೀಲಿ ಚಿಟಿಕೆ ಎಂದು ಇಟ್ಟಿದ್ದರೆ, ಇಳಿಯುವಾಗ ಮೊದಲು ನೀಲಿ ಸೊನ್ನೆಯಾಗುತ್ತದೆ, ನಂತರ ಹಸಿರು, ಕೊನೆಗೆ ಕಿಟಕಿಯಲ್ಲಿ ಬೆಂಕಿ ಬಿದ್ದ ಹಾಗೆ ಬರೀ ಕೆಂಪು. ಅದಕ್ಕಾಗಿಯೇ ನಾನು ಒಂದು ಬಿಳಿ ಪಟ್ಟಿ, ಒಂದು ಹಳದಿ ಪಟ್ಟಿ ಎಂದು ಬೇರೆ ಬೇರೆ ಹಾಕಿದ್ದು. ಬಣ್ಣ ಎಲ್‌ಇಡಿಯಲ್ಲೇ ಇದೆ, ಎಷ್ಟು ಇಳಿಸಿದರೂ ಅದು ಅದೇ.

ಕಣ್ಣಿನದೂ ಒಂದು ಚೇಷ್ಟೆ ಇದೆ, ಪರ್ಕಿಂಜಿ ಎಂಬ ವಿಜ್ಞಾನಿಯ ಹೆಸರಿನದು: ಬೆಳಕು ತೀರಾ ಕಡಿಮೆಯಾದಾಗ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಉಳಿದು ಕಾಣುತ್ತದೆ. ಹಾಗಾಗಿ ಹಳದಿಯನ್ನು ಮೊದಲು ಇಳಿಸಿ ಬಿಳಿಯನ್ನು ಕೊನೆಯವರೆಗೆ ಉಳಿಸಿಕೊಂಡರೆ, ಬಿಳಿ ಪಟ್ಟಿಯೇ ಸ್ವಲ್ಪ ನೀಲಿಯಾಗಿ ಕಂಡು ಸಂಜೆ ಕವಿಯುತ್ತದೆ. ನಿರ್ದೇಶಕರು ನೀಲಿ ಕಾಗದ ಎಲ್ಲಿ ಹಚ್ಚಿದ್ದೀರಿ ಎಂದು ಕೇಳಿದರು. ಹಚ್ಚಿಲ್ಲ ಎಂದರೂ ನಂಬಲಿಲ್ಲ.

ಒಂದು ಎಚ್ಚರಿಕೆ. ವಕ್ರರೇಖೆ ಒಂದೇ ಕಡೆ ಇರಲಿ. ಕನ್ಸೋಲಿನಲ್ಲಿ ಸ್ಕ್ವೇರ್ ಇಟ್ಟು ಪೆಟ್ಟಿಗೆಯಲ್ಲಿ 2.2 ಇಟ್ಟರೆ ಎರಡೂ ಗುಣವಾಗಿ 4.4 ಆಗುತ್ತದೆ, ಸ್ಲೈಡರ್ ಅರ್ಧದಲ್ಲಿರುವಾಗ ದೀಪಕ್ಕೆ ಸಿಗುವುದು ಶೇ 4.7. ಆಗ ಬೆಳಕು ಬೇಗ ಸತ್ತು, ಉಳಿದ ಹೊತ್ತೆಲ್ಲ ಕತ್ತಲೆಯನ್ನೇ ಫೇಡ್ ಮಾಡುತ್ತಿರುತ್ತೀರಿ. ಡಬ್ಲ್ಯುಎಲ್‌ಇಡಿ ಎಂಬ ಉಚಿತ ತಂತ್ರಾಂಶ ಬಳಸುವವರಿಗೂ ಇದೇ ಮಾತು: ಅದರಲ್ಲಿ ಬಣ್ಣಕ್ಕೆ ಒಂದು, ಪ್ರಕಾಶಕ್ಕೆ ಒಂದು ಗಾಮಾ ಗುಂಡಿ ಇದೆ, ಎರಡನೆಯದರ ಪಕ್ಕದಲ್ಲಿ ‘ಶಿಫಾರಸು ಇಲ್ಲ’ ಎಂದು ಅವರೇ ಬರೆದಿದ್ದಾರೆ.

ಈಗ ದೂರುಗಳು. ಜೊತೆಗೆ ಬಂದ ಕಾಗದ ಯಾವ ಭಾಷೆಯಲ್ಲೂ ಓದಲು ಬರುವುದಿಲ್ಲ. ಮೂರಂಕಿಯ ಪರದೆಯಲ್ಲಿ ಯಾವ ಅಕ್ಷರ ಯಾವ ಹೊಂದಿಕೆ ಎಂದು ಒತ್ತಿ ಒತ್ತಿ ಕಂಡುಕೊಂಡು ಕವಚದ ಮೇಲೆ ಬಿಳಿ ಬಣ್ಣದಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಆ ಕೆಂಪು ಪರದೆ ಒಂದು ನಿಮಿಷಕ್ಕೆ ತಾನೇ ಆರಬೇಕು, ಆರುವುದಿಲ್ಲ, ರಂಗದ ಹಿಂದಿನ ಕತ್ತಲಲ್ಲಿ ಎದ್ದು ಕಾಣುತ್ತದೆ, ಕಪ್ಪು ಟೇಪು ಬೇಕು. ತಂತಿ ಬಿಗಿಯುವ ಸ್ಕ್ರೂಗಳು ಮೆತ್ತಗಿನ ಲೋಹದವು, ಎರಡು ಬಾರಿ ತಿರುಗಿಸಿದರೆ ತಲೆ ಸವೆಯುತ್ತದೆ. ಚಾನೆಲ್‌ಗೆ 5 ಆಂಪಿಯರ್ ಎಂದು ಬರೆದಿದ್ದರೂ ನಾಲ್ಕನ್ನೂ ಪೂರ್ತಿ ಎಳೆದರೆ ಕವಚ ಮುಟ್ಟಲಾಗದಷ್ಟು ಕಾಯುತ್ತದೆ. ನಾನು ಮೂರಕ್ಕೆ ನಿಲ್ಲಿಸುತ್ತೇನೆ. ಒಳಗೆ ಫ್ಯೂಸ್ ಇಲ್ಲ. ಇದು ಕ್ಷಮಿಸುವಂಥದ್ದಲ್ಲ, ಒಂದೊಂದು ಚಾನೆಲ್ಲಿನ ಹೊರಗೂ ನೀವೇ ಒಂದು ಹಾಕಿಕೊಳ್ಳಿ, ಮಕ್ಕಳು ಓಡಾಡುವ ಜಾಗದಲ್ಲಿ ಪ್ರದರ್ಶನ ಕೊಡುವವರು ಖಂಡಿತ ಹಾಕಿಕೊಳ್ಳಿ. ಕರೆಂಟು ಹೋಗಿ ಬಂದಾಗ ಹೊಂದಿಕೆಗಳು ಉಳಿದಿರುತ್ತವೆ, ಅಷ್ಟು ಪುಣ್ಯ.

ಅಂಗಡಿಯ ಬೋರ್ಡು, ಮದುವೆ ಮಂಟಪ, ಮನೆಯ ಸೀಲಿಂಗ್ ಇವಕ್ಕೆ ಇದು ಬೇಕಿಲ್ಲ, ಇದರ ಮೂರನೆಯ ಒಂದು ಬೆಲೆಯದು ಸಾಕು. ಬೆಳಕು ಮೆಲ್ಲಗೆ ಹೋಗಬೇಕಾದವರಿಗೆ ಈ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮುಂದಿನ ನಾಟಕಕ್ಕೆ ಇನ್ನೆರಡು ತರಿಸುತ್ತಿದ್ದೇನೆ, ಬಸ್ಸಿನ ಪಾರ್ಸೆಲ್‌ನಲ್ಲಿ ಹಾಕುತ್ತಾರೆ. ನೀವೂ ತರಿಸುವುದಾದರೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಕರೆಂಟು ಕೊಡಿಸಿ, ಗುಂಡಿ ಒತ್ತಿಸಿ, ಗಾಮಾ, ಬಿಟ್, ಆವರ್ತನ ಮೂರೂ ಪರದೆಯ ಮೇಲೆ ಬರುತ್ತವೆಯೇ ಎಂದು ನೋಡಿಕೊಳ್ಳಿ. ಹೊರಗಿನಿಂದ ನೋಡಿದರೆ ಇದರದೇ ಪ್ರತಿರೂಪವಾಗಿರುವ ಇನ್ನೊಂದು ಪೆಟ್ಟಿಗೆ ಅದೇ ಕಪಾಟಿನಲ್ಲಿ ಇರುತ್ತದೆ. ಅದರಲ್ಲಿ ಬರುವುದು ವಿಳಾಸ ಒಂದೇ, ಬೆಲೆ ಮಾತ್ರ ಇದರಷ್ಟೇ.